ಸೋಮವಾರದೊಳಗೆ ಏನಾದರೂ ಆಗಲೇಬೇಕು

ಎರಡು ದಿನದ ತರಬೇತಿ ಒಬ್ಬ ಮನುಷ್ಯನನ್ನು ಎಷ್ಟರಮಟ್ಟಿಗೆ ಕೆಡಿಸಬಹುದು ಎಂದು ತಿಳಿಯಬೇಕಾದರೆ ನೀವು ಬಹಳ ದೂರ ಹೋಗಬೇಕಾಗಿಲ್ಲ, ನನ್ನನ್ನು ನೋಡಿದರೆ ಸಾಕು. ನಾನು ಪ್ರಾಥಮಿಕ ಶಾಲೆಯ ಮೂರನೇ ತರಗತಿಗೆ ಮೇಷ್ಟ್ರು. ತರಬೇತಿಗೆ ಹೋಗುವ ಮೊದಲು ನಾಲ್ಕು ಜನರ ಹಾಗೇ ಇದ್ದೆ. ಮಗ್ಗಿ ಹೇಳಿಸುತ್ತಿದ್ದೆ, ಗದ್ದಲವಾದರೆ ಡಸ್ಟರ್ ಕುಟ್ಟುತ್ತಿದ್ದೆ, ಗಂಟೆ ಹೊಡೆದರೆ ಮನೆಗೆ ಹೋಗುತ್ತಿದ್ದೆ. ತರಬೇತಿಯಿಂದ ಬಂದವನು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ಮೊಳೆ ಹೊಡೆದೆ. ಹೊಡೆಯುವಾಗ ಬೆರಳಿಗೂ ಒಂದು ಹೊಡೆದುಕೊಂಡೆ.

"ಏನ್ರೀ ಅದು?" ಎಂದಳು ಹೆಂಡತಿ.

"ಅನುಭವ ಕಥನ" ಎಂದೆ ಬೆರಳು ಚೀಪುತ್ತಾ. "ಮಕ್ಕಳ ಕೈಲಿ ಅವರವರ ಜೀವನದ ಕಥೆ ಬರೆಸೋ ಕಲೆ. ಈ ಊರಲ್ಲಿ ನನಗೊಬ್ಬನಿಗೇ ಗೊತ್ತು."

"ಎಂಟು ವರ್ಷದ ಮಕ್ಕಳಿಗೆ ಎಂಥ ಜೀವನಾರೀ? ನಲವತ್ತೆರಡಾಯ್ತು, ನಿಮಗೇ ಇನ್ನೂ ಶುರುವಾಗಿಲ್ಲ."

ಅವಳು ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ರೋಗಿಗಳಿಗೆ ಚೀಟಿ ಬರೆದುಕೊಡುವವಳು. ಹೆಸರು, ವಯಸ್ಸು, ಏನಾಗಿದೆ, ಯಾಕಾಯಿತು. ಇಷ್ಟೇ ಅವಳ ಸಾಹಿತ್ಯ. ಅಂಥವಳ ಮಾತಿಗೆ ಬೇಜಾರು ಮಾಡಿಕೊಳ್ಳಬಾರದು.

ಆದರೆ ಅವಳು ಹೇಳಿದ್ದರಲ್ಲಿ ಸತ್ಯವಿತ್ತು. ನನ್ನ ಜೀವನ ಶುರುವಾಗಿರಲಿಲ್ಲ, ಯಾಕೆಂದರೆ ನಾನಿನ್ನೂ ತಾತ್ಕಾಲಿಕ ಮೇಷ್ಟ್ರು. ಖಾಯಂ ಆಗಬೇಕಾದರೆ ತಪಾಸಣೆಗೆ ಬರುವ ಸಾಹೇಬರು ವರದಿಯಲ್ಲಿ ಒಪ್ಪಿಗೆ ಬರೆಯಬೇಕು. ಮೂರು ಅವಕಾಶ. ಮೂರರಲ್ಲೂ ಆಗದಿದ್ದರೆ ಸೀದಾ ಮನೆಗೆ. ಮೊದಲ ಸಲ ಸಾಹೇಬರನ್ನು ಕಂಡೊಡನೆ ನನಗೆ ಬಿಕ್ಕಳಿಕೆ ಹತ್ತಿ, ಗುಣಾಕಾರವೆಲ್ಲ ಬಿಕ್ಕಳಿಕೆಯಲ್ಲೇ ಮುಗಿಯಿತು. ಎರಡನೇ ಸಲ ಅವರಿಗೆ ನಾನು ಕೊಟ್ಟ ಕುರ್ಚಿಗೆ ಮೂರೇ ಕಾಲಿದ್ದವು. ಮೂರನೆಯ ತಪಾಸಣೆ ಬರುವ ಸೋಮವಾರ ಎಂದು ಹೆಡ್ ಮೇಡಂ ಚೀಟಿ ಕಳಿಸಿದ್ದರು.

ಈ ಸಾಹೇಬರಿಗೆ ಎಲ್ಲ ಶಾಲೆಯವರೂ ಇಟ್ಟ ಹೆಸರು 'ತೃಪ್ತಿಕರ ಸಾಹೇಬರು'. ಮೂವತ್ತು ವರ್ಷದಿಂದ ಅವರು ವರದಿಯಲ್ಲಿ ಬರೆಯುವುದು ಒಂದೇ ಪದ. ಒಳ್ಳೆಯ ಮನಸ್ಸಿದ್ದರೆ 'ತೃಪ್ತಿಕರ', ಇಲ್ಲದಿದ್ದರೆ 'ತೃಪ್ತಿಕರವಲ್ಲ'. ಆ ಕೊನೆಯ 'ಅಲ್ಲ' ನನ್ನ ವರದಿಯಲ್ಲಿ ಆಗಲೇ ಎರಡು ಸಲ ಬಂದು ಕೂತಿತ್ತು. ಮೂರನೇ ಸಲ ಬಂದರೆ ನಾನು ಡಸ್ಟರ್ ಕೆಳಗಿಟ್ಟು ಮಾವನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಬೇಕು. ಮಾವ ಆಗಲೇ ನನ್ನ ಅಳತೆಗೆ ಒಂದು ಏಪ್ರನ್ ಹೊಲಿಸಿಟ್ಟಿದ್ದಾರೆ ಎಂಬ ಸುದ್ದಿ ಬಂದಿತ್ತು.

ಹಾಗಾಗಿ ಶುಕ್ರವಾರ ಕ್ಲಾಸಿಗೆ ಹೋದವನೇ ಎಲ್ಲರಿಗೂ ತಮ್ಮ ಜೀವನದ ಒಂದು ಘಟನೆ ಬರೆಯಲು ಹೇಳಿದೆ. ಮೂವತ್ತೊಂದು ಪುಸ್ತಕ ಬಂದವು. ಮೂವತ್ತೊಂದರಲ್ಲೂ ಒಂದೇ ಜೀವನ. "ನಾನು ಬೆಳಿಗ್ಗೆ ಎದ್ದೆನು. ಹಲ್ಲು ಉಜ್ಜಿದೆನು. ಶಾಲೆಗೆ ಬಂದೆನು. ಮನೆಗೆ ಹೋದೆನು. ಮಲಗಿದೆನು." ಇದರಲ್ಲಿ ಹಲ್ಲು ಉಜ್ಜಿದ ವಿಷಯವಂತೂ ಹಸಿ ಸುಳ್ಳು. ಮುಂದಿನ ಬೆಂಚಿನ ಹತ್ತಿರ ನಿಂತು ಪಾಠ ಮಾಡುವವನು ನಾನು, ನನಗೆ ಗೊತ್ತಿಲ್ಲವೇ?

ಬೋರ್ಡಿನ ಮೇಲೆ ತರಬೇತಿಯ ನಿಯಮಗಳನ್ನು ಬರೆದೆ. ನಿಜವಾಗಿ ಆಗಿದ್ದನ್ನೇ ಬರೆಯಬೇಕು. ಒಂದೇ ಘಟನೆ ಬರೆಯಬೇಕು. ಕಂಡಿದ್ದು, ಕೇಳಿದ್ದು, ಅನಿಸಿದ್ದು ಮೂರೂ ಇರಬೇಕು. ಯಾರಾದರೂ ಬರೆಯುತ್ತಿದ್ದರೆ ಮುಗಿಯುವ ತನಕ ಅವರನ್ನು ಎಬ್ಬಿಸಬಾರದು. ಓದಿದಾಗ ಕೇಳುವವರು "ಆಮೇಲೆ?" ಎನ್ನಬೇಕು.

ಎಲ್ಲರೂ ತಲೆಯಾಡಿಸಿದರು. ಕೊನೆಯ ಬೆಂಚಿನಲ್ಲಿ ಒಂದು ಹುಡುಗಿ ಮಾತ್ರ ಮುಸುಮುಸು ಅಳುತ್ತಿದ್ದಳು. ಮಾತಾಡುವ ಬದಲು ಕಣ್ಣು ಪಿಳಿಪಿಳಿ ಬಿಡುವುದರಿಂದ ಅವಳನ್ನು ನಾವು ಪಿಳಿಪಿಳಿ ಎಂದೇ ಕರೆಯುತ್ತಿದ್ದೆವು. ಅಪ್ಪ ಗಡಿಯಾರ ರಿಪೇರಿ ಮಾಡುವವನು. ಮನೆಯಲ್ಲಿ ಎಲ್ಲವೂ ಗಡಿಯಾರದ ಪ್ರಕಾರ.

"ಯಾಕಮ್ಮಾ ಅಳ್ತೀಯಾ?"

"ನಂಗೇನೂ ಆಗೇ ಇಲ್ಲ ಸಾರ್."

"ಏನಾದ್ರೂ ಆಗಿರುತ್ತೆ, ಯೋಚನೆ ಮಾಡು."

"ಇಲ್ಲ ಸಾರ್. ಹುಟ್ಟಿದಾಗಿನಿಂದ ಏನೂ ಆಗಿಲ್ಲ."

"ನಂಗೂ ಆಗಿಲ್ಲ ಸಾರ್" ಎಂದ ಟೈಲರ್ ಮಗ ಗುಂಡ. "ನಂಗೂ ಆಗಿಲ್ಲ" "ನಂಗೂ" ಎಂದು ಕ್ಲಾಸೆಲ್ಲ ಕೂಗು ಹಬ್ಬಿ, ನೋಡನೋಡುತ್ತಿದ್ದಂತೆ ಹತ್ತು ಮಕ್ಕಳು ಅಳತೊಡಗಿದವು. ಸೋಮವಾರ ಸಾಹೇಬರು! ಮೂವತ್ತೊಂದು ಹಲ್ಲುಜ್ಜುವ ಕಥೆ! ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಡಸ್ಟರ್ ಕುಟ್ಟಿ ಒಂದು ಮಾತು ಹೇಳಿಬಿಟ್ಟೆ.

"ಸೋಮವಾರದೊಳಗೆ ಏನಾದ್ರೂ ಆಗಲೇಬೇಕು! ಏನೂ ಆಗದೆ ಯಾರೂ ಕ್ಲಾಸಿಗೆ ಕಾಲಿಡಕೂಡದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳು ತಕ್ಷಣ ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಾಠದಲ್ಲಿ ಅವರು ಅಷ್ಟೊಂದು ಆಸಕ್ತಿ ತೋರಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಮೂರ್ಖನಾದ ನಾನು ಸಂತೋಷಪಟ್ಟೆ.

ಶನಿವಾರ ಸಂಜೆ ಟೈಲರ್ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿಬಂದ.

"ಮೇಷ್ಟ್ರೇ, ನಮ್ಮ ಗುಂಡ ಮೆಟ್ಟಿಲ ಕಂಬಿ ನಡುವೆ ತಲೆ ತೂರಿಸ್ಕೊಂಡು ಕೂತಿದಾನೆ!"

"ಅಯ್ಯೋ! ಎಳೀಬೇಕಿತ್ತು."

"ಎಳೆಯೋಕೆ ಹೋದ್ರೆ ಬೇಡ ಅಂತಾನೆ. 'ಇರಪ್ಪಾ, ಹೇಗನಿಸ್ತದೆ ಅಂತ ಇನ್ನೂ ಗೊತ್ತಾಗ್ತಿಲ್ಲ' ಅಂತಾನೆ. ಅವರಮ್ಮ ಅಳ್ತಿದ್ರೆ, 'ಅಮ್ಮಾ, ಇನ್ನೊಂದು ಸಲ ಹೇಳು, ನಿನ್ನ ಮಾತು ಹಾಗ್ಹಾಗೇ ಬರೀಬೇಕು' ಅಂತಾನೆ. ಬಡಗಿ ಗರಗಸ ತಂದ್ರೆ, ಅದರ ಸದ್ದು ಹೇಗೆ ಅಂತ ಬರ್ಕೊಳ್ಳೋಕೆ ಪೆನ್ಸಿಲ್ ಕೇಳ್ತಾನೆ. ಏನು ಕಲಿಸ್ತಿದೀರಿ ಸ್ವಾಮಿ ನೀವು?"

"ಕಂಡಿದ್ದು, ಕೇಳಿದ್ದು, ಅನಿಸಿದ್ದು" ಎಂದೆ ತೊದಲುತ್ತಾ. "ಹುಡುಗನಲ್ಲಿ ಪ್ರತಿಭೆ ಇದೆ ಟೈಲರೇ."

"ಪ್ರತಿಭೆ ಕಂಬಿಯೊಳಗಿದೆ, ಮಿಕ್ಕಿದ್ದೆಲ್ಲ ಹೊರಗಿದೆ. ಬನ್ನಿ, ಎಳೀರಿ!"

ನಾನೂ ಬಡಗಿಯೂ ಸೇರಿ ಎಳೆದೆವು. ತಲೆ ಬಂತು. ಗುಂಡ ಥ್ಯಾಂಕ್ಸ್ ಕೂಡ ಹೇಳದೆ ಪುಸ್ತಕ ತೆಗೆದುಕೊಂಡು ಕೂತ.

ಇದೊಂದು ಬಿಡಿ ಪ್ರಕರಣ ಎಂದುಕೊಂಡು ಮಲಗಿದೆ. ಭಾನುವಾರ ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಹೆಂಡತಿ ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದಳು. "ರೀ, ನಿಮ್ಮ ಕ್ಲಾಸಲ್ಲಿ ಎಷ್ಟು ಮಕ್ಕಳು?"

"ಮೂವತ್ತೊಂದು."

"ಇವತ್ತು ಹದಿನಾಲ್ಕು ಬಂದಿದ್ವು. ಮೂಗಲ್ಲಿ ಬಟಾಣಿ, ಕಿವೀಲಿ ರಬ್ಬರು, ಡ್ರಮ್ಮಲ್ಲಿ ಬಿದ್ದದ್ದು, ಜೇನುಗೂಡಿಗೆ ಕಲ್ಲು ಹೊಡೆದದ್ದು. ಯಾಕಾಯ್ತು ಅಂತ ಕೇಳಿದ್ರೆ ಹದಿನಾಲ್ಕೂ ಒಂದೇ ಮಾತು. 'ಸಾರ್ ಹೇಳಿದ್ರು.' ಹದಿನಾಲ್ಕು ಚೀಟಿ ಮೇಲೂ ಕಾರಣ ಅನ್ನೋ ಕಡೆ ನಿಮ್ಮ ಹೆಸರು ಬರೆದು ಕೈ ನೋವು ಬಂತು. ಡಾಕ್ಟರು ನಿಮ್ಮನ್ನೊಂದು ಸೋಂಕು ಅಂತ ಮೇಲಿನವರಿಗೆ ತಿಳಿಸೋಣವಾ ಅಂತ ಯೋಚಿಸ್ತಿದಾರೆ."

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಸ್ ಕಂಡಕ್ಟರು, ಜೊತೆಗೆ ನನ್ನದೇ ಕ್ಲಾಸಿನ ಒಬ್ಬ. "ನಿಮ್ಮವನಂತೆ. ಕಳೆದುಹೋಗೋಕೆ ಅಂತ ಬಸ್ ಹತ್ತಿದಾನೆ. ಕೊನೆ ಸ್ಟಾಪಲ್ಲಿ ಮನೆ ಎಲ್ಲಿ ಅಂದ್ರೆ ಹೇಳಲ್ಲ. 'ಇನ್ನೂ ಪೂರ್ತಿ ಕಳೆದುಹೋಗಿಲ್ಲ, ಅವಸರ ಮಾಡ್ಬೇಡಿ ಅಂಕಲ್' ಅಂತಾನೆ!"

ಕಂಡಕ್ಟರನ ಹಿಂದೆಯೇ ಒಬ್ಬ ಅಜ್ಜ ನಿಂತಿದ್ದರು. ಎಡಗಡೆ ಭರ್ಜರಿ ಮೀಸೆ, ಬಲಗಡೆ ನುಣ್ಣಗೆ.

"ಮಧ್ಯಾಹ್ನ ಕಣ್ಣು ಮುಚ್ಚಿದ್ದೆ ಮೇಷ್ಟ್ರೇ. ಮೊಮ್ಮಗಳು ಕತ್ತರಿಸಿಬಿಟ್ಲು. ಹೋಗ್ಲಿ, ಇನ್ನರ್ಧ ಯಾಕೆ ಬಿಟ್ಟೆ ತಾಯಿ ಅಂದ್ರೆ, 'ಒಂದೇ ಘಟನೆ ಬರೀಬೇಕು ತಾತ, ಎರಡಾದ್ರೆ ಸಾರ್ ಬೈತಾರೆ' ಅಂದ್ಲು."

ಒಳಗೆ ಕರೆದು ಕೂರಿಸಿದೆ. ಚಹಾ ಕೊಟ್ಟೆ. ಅಜ್ಜ ಬಲಗಡೆಯಿಂದ ಕುಡಿದರು.

ಸೋಮವಾರ ಬೆಳಿಗ್ಗೆ ಕ್ಲಾಸಿನ ಬಾಗಿಲಲ್ಲಿ ನಿಂತವನಿಗೆ ಯುದ್ಧದ ಆಸ್ಪತ್ರೆಗೆ ಬಂದ ಹಾಗಾಯಿತು. ಎಲ್ಲಿ ನೋಡಿದರೂ ಬ್ಯಾಂಡೇಜು, ಪ್ಲಾಸ್ಟರು, ಊದಿದ ಮೂಗು. ಮುಖಗಳಲ್ಲಿ ಮಾತ್ರ ಎಂದೂ ಕಾಣದ ಕಳೆ. ಎಲ್ಲರ ಕೈಯಲ್ಲೂ ತುಂಬಿ ತುಳುಕುವ ಪುಸ್ತಕ. ಪಿಳಿಪಿಳಿಯೊಬ್ಬಳಿಗೆ ಏನೂ ಆಗಿರಲಿಲ್ಲ. ಖಾಲಿ ಪುಟ ಹಿಡಿದುಕೊಂಡು ಬಾಗಿಲ ಹೊರಗೇ ನಿಂತಿದ್ದಳು.

"ಒಳಗೆ ಬಾಮ್ಮಾ."

"ಏನೂ ಆಗದೆ ಕಾಲಿಡಬಾರದು ಅಂದಿದ್ರಲ್ಲ ಸಾರ್."

ಅವಳಿಗೆ ಸಮಾಧಾನ ಹೇಳುವಷ್ಟರಲ್ಲಿ ಗೇಟಿನಿಂದ ಎರಡು ಮೆರವಣಿಗೆ ಒಟ್ಟಿಗೆ ಬಂದವು. ಒಂದು ತಂದೆತಾಯಿಯರದು, ಮುಂದೆ ಟೈಲರ್, ಪಕ್ಕದಲ್ಲಿ ಅರ್ಧ ಮೀಸೆಯ ಅಜ್ಜ. ಇನ್ನೊಂದು ತೃಪ್ತಿಕರ ಸಾಹೇಬರದು, ಅವರೊಬ್ಬರೇ. ಹೆಡ್ ಮೇಡಂ ಜಾಣೆ. ತಂದೆತಾಯಿಯರನ್ನು ತಮ್ಮ ಕೋಣೆಗೆ ತುಂಬಿಸಿಕೊಂಡು ಬಾಗಿಲು ಹಾಕಿಕೊಂಡರು. ಒಳಗಿನ ಗಲಾಟೆಯಲ್ಲಿ ಪಕ್ಕದಲ್ಲಿ ಮನೆ ಬಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಸಾಹೇಬರಿಗೆ ಒಂದು ಪದ್ಧತಿ. ಎಲ್ಲಿಗೆ ಹೋದರೂ ಮಕ್ಕಳನ್ನು ನೋಡುವ ಮೊದಲು ನಕ್ಷೆಗಳನ್ನು ಎಣಿಸುತ್ತಾರೆ. ಮಕ್ಕಳು ಹೆಚ್ಚುಕಮ್ಮಿ ಆಗಬಹುದು, ನಕ್ಷೆ ಆಗಬಾರದು. ನಮ್ಮ ನಕ್ಷೆ ಕೋಣೆ ನನ್ನ ಕ್ಲಾಸಿಗೆ ಅಂಟಿಕೊಂಡಿದೆ, ಬಾಗಿಲು ಹೊರಗಡೆ ಜಗಲಿಗೆ. ಕಿಟಕಿ ಇಲ್ಲ, ದೀಪ ಇಲ್ಲ. ಸಾಹೇಬರು ಒಳಗೆ ಹೋದರು, ನಾನು ಹಿಂದೆ ಹೋದೆ. ಅವರು "ಒಂದು, ಎರಡು" ಎನ್ನುತ್ತಿದ್ದ ಹಾಗೆ ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

"ಯಾರ್ರೀ ಅದು?" ಎಂದರು ಸಾಹೇಬರು.

"ನಾನು ಸಾರ್" ಎಂದಿತು ಹೊರಗಿನಿಂದ ಸಣ್ಣ ದನಿ. ಪಿಳಿಪಿಳಿ! "ನಂಗೂ ಏನೋ ಆಗ್ತಾ ಇದೆ ಸಾರ್! ಬರೀತಾ ಇದೀನಿ!"

"ಬಾಗಿಲು ತೆಗಿ!" ಗುಡುಗಿದರು ಸಾಹೇಬರು.

ಪೆನ್ಸಿಲ್ ಕರಕರ ಎಂದಿತು. "'ಬಾಗಿಲು ತೆಗಿ ಎಂದು ಸಾಹೇಬರು ಗುಡುಗಿದರು.' ಆಯ್ತು ಸಾರ್, ಬರ್ಕೊಂಡೆ. ಆಮೇಲೆ?"

"ಮೇಷ್ಟ್ರೇ! ಇದೇನ್ರೀ ಇದು?"

"ಅನುಭವ ಕಥನ ಸಾರ್" ಎಂದೆ. ಬಿಕ್ಕಳಿಕೆ ಶುರುವಾಯಿತು. "ಗುಂಡಾ, ಎದ್ದು ಬಂದು ಬಾಗಿಲು ತೆಗಿಯೋ!"

"ಆಗಲ್ಲ ಸಾರ್" ಎಂದ ಗುಂಡ ಹೊರಗಿನಿಂದ, ಬಹಳ ವಿನಯದಿಂದ. "ಅವಳು ಬಾಗಿಲಿಗೇ ಒರಗಿ ಕೂತು ಬರೀತಿದಾಳೆ. ಬರೆಯೋರನ್ನ ಎಬ್ಬಿಸಬಾರದು."

ಇಡೀ ವರ್ಷದಲ್ಲಿ ನಾನು ಹೇಳಿದ ಒಂದು ಮಾತನ್ನೂ ಪಾಲಿಸದ ಮಕ್ಕಳು! ಮಾಡಿದ್ದುಣ್ಣೋ ಮಾರಾಯ ಎಂದು ನನಗೆ ನಾನೇ ಹೇಳಿಕೊಂಡು ಬಿಕ್ಕಳಿಸಿದೆ.

"ಸಾರ್, ಒಳಗೆ ಏನು ಕಾಣಿಸ್ತಿದೆ?" ಎಂದಳು ಪಿಳಿಪಿಳಿ.

"ಏನೂ ಕಾಣ್ತಿಲ್ಲ! ಕಗ್ಗತ್ತಲೆ!"

"ಚೆನ್ನಾಗಿದೆ ಸಾರ್. ಏನು ಕೇಳಿಸ್ತಿದೆ?"

"ನಿಮ್ಮ ಮೇಷ್ಟ್ರ ಬಿಕ್ಕಳಿಕೆ!"

"ಹೇಗನಿಸ್ತಿದೆ ಸಾರ್? ಸಾಹೇಬರು ಹೆದರಿದರು ಅಂತ ಬರೀಲಾ, ಸಿಟ್ಟಾದರು ಅಂತ ಬರೀಲಾ?"

"ಹೆದರೋದಾ? ನಾನಾ? ಸಿಟ್ಟು! ಸಿಟ್ಟು ಅಂತ ಬರಿ! ಕೆಂಡಾಮಂಡಲ ಅಂತ ಬರಿ!"

ಅಷ್ಟರಲ್ಲಿ ನಕ್ಷೆಗಳ ಸುರುಳಿಯಿಂದ ಏನೋ ಜಾರಿ ಸಾಹೇಬರ ಬೂಟಿನ ಮೇಲೆ ಹಾದು ಹೋಯಿತು. ಇಲಿಯೋ ಹೆಗ್ಗಣವೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಇಷ್ಟೇ, ಸಾಹೇಬರು ನೆಲದ ಮೇಲಿರಲಿಲ್ಲ. ಅವರು ನನ್ನ ಮೇಲಿದ್ದರು. ಎರಡೂ ಕೈಯಿಂದ ನನ್ನ ಕೊರಳು ತಬ್ಬಿಕೊಂಡಿದ್ದರು. ನನ್ನ ಬಿಕ್ಕಳಿಕೆ ಅಲ್ಲಿಗೇ ನಿಂತಿತು.

"ಏನೋ ಕಿರುಚಿದ ಹಾಗಾಯ್ತು ಸಾರ್. ಏನದು?"

ಸಾಹೇಬರು ನನ್ನ ಕೊರಳು ಬಿಟ್ಟು ಕೆಳಗಿಳಿದರು. ಆಮೇಲೆ ಮೆಲ್ಲಗೆ ಹೇಳಿದರು. "ಸ್ವಲ್ಪ ಹೆದರಿದರು ಅಂತಾನೂ ಸೇರಿಸ್ಕೋ ಮಗೂ."

"ಕೆಂಡಾಮಂಡಲ ಹೊಡೆದುಹಾಕ್ಲಾ ಸಾರ್?"

"ಬೇಡ, ಇರ್ಲಿ. ಮೊದಲು ಅದು, ಆಮೇಲೆ ಇದು."

ಇಲ್ಲಿಂದ ಮುಂದೆ ಆ ಕತ್ತಲಲ್ಲಿ ನಾನು ಕೇಳಿದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅವಳು ಒಂದೊಂದೇ ವಾಕ್ಯ ಓದುತ್ತಾಳೆ, ಇವರು ಬಾಗಿಲಿಗೆ ಕಿವಿಯಿಟ್ಟು ತಿದ್ದಿಸುತ್ತಾರೆ. "'ದಪ್ಪ ಸಾಹೇಬರು' ಅಂದ್ಯಾ? 'ಎತ್ತರದ' ಅಂತ ಬರಿಯಮ್ಮ." "ಎತ್ತರ ಇಲ್ವಲ್ಲ ಸಾರ್, ನಿಜಾನೇ ಬರೀಬೇಕು." "ಸರಿ, ದಪ್ಪನೇ ಇರ್ಲಿ, ಆದ್ರೆ 'ಗಂಭೀರ' ಅಂತ ಒಂದು ಮಾತು ಹಾಕು." ಇಲಿಯ ಜಾಗಕ್ಕೆ ಬಂದಾಗ ಸಾಹೇಬರು ತಾವೇ ಸದ್ದು ಮಾಡಿ ತೋರಿಸಿದರು.

"ಕೊನೆ ಹೇಗೆ ಮಾಡೋದು ಗೊತ್ತಾಗ್ತಿಲ್ಲ ಸಾರ್" ಎಂದಳು ಪಿಳಿಪಿಳಿ.

ನಾನು ಬಾಗಿಲಿಗೆ ಹಾರಿದೆ. "'ನಾನು ಬಾಗಿಲು ತೆಗೆದೆನು' ಅಂತ ಬರಿ ನನ್ನಮ್ಮಾ!"

"ನಾನು ತೆಗೆದಿಲ್ವಲ್ಲ ಸಾರ್. ಆಗಿದ್ದನ್ನ ಮಾತ್ರ ಬರೀಬೇಕು."

"ಹಾಗಾದ್ರೆ ತೆಗೆದು, ಆಮೇಲೆ ಬರಿ!" ಎಂದೆವು ನಾನೂ ಸಾಹೇಬರೂ ಒಂದೇ ಕಂಠದಿಂದ.

ಅವಳು ಯೋಚಿಸಿದಳು. ನ್ಯಾಯವಾಗಿ ಕಂಡಿತೆಂದು ತೋರುತ್ತದೆ. ಚಿಲಕ ಸರಿಯಿತು.

ಸಾಹೇಬರು ಮೈಮೇಲಿನ ಧೂಳು ಕೊಡವಿ, ಸೀದಾ ನನ್ನ ಮೇಜಿಗೆ ಹೋಗಿ ವರದಿಯ ಫಾರಂ ಬಿಚ್ಚಿದರು. ಪೆನ್ನು ತೆಗೆದರು. ಸೈಕಲ್ ಅಂಗಡಿಯ ಏಪ್ರನ್ ಕಣ್ಣಮುಂದೆ ಬಂತು. 'ತೃಪ್ತಿಕರ' ಎಂದು ಬರೆದರು. ಪೆನ್ನು ಇನ್ನೂ ಕಾಗದದ ಮೇಲೇ ಇತ್ತು. 'ಅಲ್ಲ' ಬರುವುದಕ್ಕೆ ಅರ್ಧ ಅಂಗುಲ ಬಾಕಿ.

"ಅಷ್ಟೇನಾ ಸಾರ್?" ಎಂದಳು ಪಕ್ಕದಲ್ಲೇ ನಿಂತಿದ್ದ ಪಿಳಿಪಿಳಿ. "ನೀವು ಕಂಡಿದ್ದು? ಕೇಳಿದ್ದು? ಅನಿಸಿದ್ದು?"

ಸಾಹೇಬರು ಅವಳನ್ನು ನೋಡಿದರು. ಬರೆದ ಪದವನ್ನು ನೋಡಿದರು. ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಬರೆದದ್ದನ್ನು ಹೊಡೆದುಹಾಕಿ, ಹೊಸ ಹಾಳೆ ಕೇಳಿದರು. ಬರೆದರು. ಇನ್ನೊಂದು ಹಾಳೆ ಕೇಳಿದರು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದವು. ಹೆಡ್ ಮೇಡಂ ಕೋಣೆಯಿಂದ ತಂದೆತಾಯಿಯರು ನುಗ್ಗಿ ಬಂದರು. "ಸಾಹೇಬ್ರೇ, ಈ ಮೇಷ್ಟ್ರ ಮೇಲೆ ನಮ್ಮದೊಂದು ದೂರು..." ಎಂದ ಟೈಲರ್.

"ಶ್!" ಎಂದವು ಮೂವತ್ತೊಂದು ಮಕ್ಕಳೂ. "ಬರೀತಿದಾರೆ!"

ಸಾಹೇಬರು ಬರೆದು ಮುಗಿಸಿ ಎದ್ದು ನಿಂತು ಓದಿದರು. "ನಾನು ನಕ್ಷೆ ಎಣಿಸಲು ಕತ್ತಲೆ ಕೋಣೆಗೆ ಹೋದೆನು. ಒಂದು ಮಗು ಚಿಲಕ ಹಾಕಿತು. ನನ್ನ ಬೂಟಿನ ಮೇಲೆ ಏನೋ ಓಡಿತು. ನಾನು ಮೇಷ್ಟ್ರ ಕೊರಳು ತಬ್ಬಿಕೊಂಡೆನು. ನಾನು ನೂರಾರು ಶಾಲೆಗೆ ಹೋಗಿದ್ದೇನೆ. ಎಲ್ಲ ಕಡೆ ನಕ್ಷೆಗಳು ಸರಿಯಾಗಿದ್ದವು. ನನಗೆ ಮಾತ್ರ ಎಲ್ಲಿಯೂ ಏನೂ ಆಗಿರಲಿಲ್ಲ." ಇಲ್ಲಿಗೆ ಬಂದು ಹಾಳೆ ಮಡಚಿದರು.

"ಆಮೇಲೆ?" ಎಂದವು ಮಕ್ಕಳು.

"ಆಮೇಲೇನು? ಅಷ್ಟೇ."

"ಆ ಮೇಷ್ಟ್ರಿಗೆ ಏನಾಯ್ತು?" ಎಂದ ಗುಂಡ.

"ಹೌದು, ಮೇಷ್ಟ್ರಿಗೆ ಏನಾಯ್ತು?" ಎಂದರು ಅರ್ಧ ಮೀಸೆಯ ಅಜ್ಜ ತಡೆಯಲಾರದೆ. ಟೈಲರ್ ಅವರ ಕಡೆ ಕೆಕ್ಕರಿಸಿ ನೋಡಿದ. "ಕಥೆ ಅಲ್ವೇನಯ್ಯ" ಎಂದರು ಅಜ್ಜ. "ಅರ್ಧಕ್ಕೆ ಬಿಟ್ರೆ ಹೇಗೆ? ಅರ್ಧಕ್ಕೆ ಬಿಟ್ರೆ ಹೇಗಿರುತ್ತೆ ಅಂತ ನಂಗೆ ಗೊತ್ತು."

ಸಾಹೇಬರು ಫಾರಂ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಇವರನ್ನ ಮನೆಗೆ ಕಳಿಸಿದ್ರೆ ಕಥೆ ದುಃಖದಲ್ಲಿ ಮುಗಿಯುತ್ತೆ. ದುಃಖದ ಕಥೆ ನಂಗೆ ಆಗಿಬರಲ್ಲ" ಎಂದು ಗೊಣಗಿ, ಖಾಯಂ ಕಾಲಮ್ಮಿನಲ್ಲಿ ಒಪ್ಪಿಗೆ ಬರೆದು, ಸಹಿ ಹಾಕಿ, ಠಸ್ಸೆ ಒತ್ತಿದರು. ಮಕ್ಕಳು ಬ್ಯಾಂಡೇಜು ಬಿಚ್ಚಿಹೋಗುವ ಹಾಗೆ ಚಪ್ಪಾಳೆ ಹೊಡೆದರು. ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ?

ಸಾಹೇಬರು ಹೋದ ಮೇಲೆ ತಂದೆತಾಯಿಯರು ನನ್ನನ್ನು ಸುತ್ತುವರಿದರು. ಹೊಡೆಯುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಟೈಲರ್ ಕೈ ಮುಗಿದ. "ಖಾಯಂ ಆಗ್ಬಿಟ್ರಿ, ಇನ್ನು ಏನು ಮಾಡೋಕಾಗುತ್ತೆ? ಒಂದೇ ಒಂದು ಬೇಡಿಕೆ ಸ್ವಾಮಿ. ಮುಂದಿನ ಸೋಮವಾರಕ್ಕೆ ಏನೂ ಆಗದೇ ಇರೋ ವಿಷಯ ಕೊಡಿ."

ಖಾಯಂ ಆದವನಿಗೆ ಉದಾರ ಮನಸ್ಸು ಬರುತ್ತದೆ. ತಕ್ಷಣ ಬೋರ್ಡಿನ ಮೇಲೆ ಬರೆದೆ. 'ಏನೂ ಆಗದ ಒಂದು ಭಾನುವಾರ.' ತಂದೆತಾಯಿಯರು ನಿಟ್ಟುಸಿರು ಬಿಟ್ಟು, ನನ್ನ ಬೆನ್ನು ತಟ್ಟಿ ಹೋದರು.

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟರು ನಮ್ಮ ಮನೆಗೇ ಬಂದರು. ಕೈಯಲ್ಲಿ ಚೀಲ, ಕೊರಳಲ್ಲಿ ಸ್ಟೆತಾಸ್ಕೋಪು, ಮುಖದಲ್ಲಿ ಬೆವರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಬೆಳಿಗ್ಗೆಯಿಂದ ಇಪ್ಪತ್ತಾರು ಮನೆ ಸುತ್ತಿದೆ. ಮಕ್ಕಳು ಎದ್ದ ಜಾಗದಲ್ಲೇ ಕಲ್ಲಿನ ಹಾಗೆ ಕೂತಿದಾವೆ. ತಿನ್ನಲ್ಲ, ಮಾತಾಡಲ್ಲ, ಕೈ ಎತ್ತಿದ್ರೆ ಎತ್ತಿದ ಹಾಗೇ ಇರುತ್ತೆ. ತಾಯಂದಿರು ಬೀದೀಲಿ ನಿಂತು ಬಾಯಿ ಬಡ್ಕೊಳ್ತಿದಾರೆ. ಒಬ್ಬ ಹುಡುಗನ ಮೂಗಿನ ಮೇಲೆ ನೊಣ ಕೂತಿದೆ, ಓಡಿಸೋಕೆ ಹೋದ್ರೆ ಹಲ್ಲು ಕಚ್ಚಿಕೊಂಡೇ ಹೇಳ್ತಾನೆ, 'ಮುಟ್ಟಬೇಡಿ ಡಾಕ್ಟ್ರೇ, ಏನಾದ್ರೂ ಆಗ್ಬಿಡುತ್ತೆ.'"

ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟಳು. ಡಾಕ್ಟರು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ಮೇಷ್ಟ್ರೇ, ನೀವು ಖಾಯಂ ಆದ್ರಂತೆ, ಹೌದಾ?"

"ಹೌದು ಡಾಕ್ಟ್ರೇ" ಎಂದೆ.

"ಹಾಗಾದ್ರೆ ಒಂದು ಬಿಳಿ ಹಾಳೆ ಕೊಡಿ" ಎಂದರು ಅವರು. "ನಾನು ಈ ಊರಿಂದ ವರ್ಗಕ್ಕೆ ಅರ್ಜಿ ಬರೀಬೇಕು."